ಬೆಕ್ಕಿನ ಉಸಿರು ಮತ್ತು ನಮ್ಮ ಹೊಣೆ

ಬೆಕ್ಕಿನ ವಿಷಯವಾಗಿ ಪತ್ರಿಕೆಯಲ್ಲಿ ಬರೆಯುವುದುಂಟೇ ಎಂದು ನಮ್ಮ ವಾಚಕ ಬಂಧುಗಳಲ್ಲಿ ಕೆಲವರು ನಗಬಹುದು. ನಗುವವರು ಈ ಲೇಖನವನ್ನು ಕೊನೆಯವರೆಗೆ ಓದಿ ಆ ಬಳಿಕ ನಗಬೇಕೆಂದು ನಮ್ಮ ವಿನಂತಿ.

ಲೇಖನಿ ಹಿಡಿಯುವ ಮುನ್ನ ನಾವು ಇದೇ ಪುಣೆಯಲ್ಲಿ ಹೋಟೆಲು ನಡೆಸಿದವರು. ನಮ್ಮ ಉಗ್ರಾಣದ ಅಕ್ಕಿ, ಉದ್ದುಗಳನ್ನು ಇಲಿಗಳಿಂದ ಕಾಯುತ್ತಿದ್ದುದು ಹಿತ್ತಿಲಿನ ಒಂದು ಬೂದು ಬೆಕ್ಕು. ಅದಕ್ಕೆ ಸಂಬಳವಿಲ್ಲ, ರಜೆಯಿಲ್ಲ. ದಿನಕ್ಕೊಂದು ಬಟ್ಟಲು ಹಾಲು ಮಾತ್ರ. ಆಷಾಢದ ಒಂದು ಸಂಜೆ ಅದು ನೀರಿನ ತೊಟ್ಟಿಗೆ ಬಿದ್ದಿತು. ಪಾತ್ರೆ ತೊಳೆಯುವ ಹುಡುಗನು ಅದನ್ನು ಮೇಲಕ್ಕೆತ್ತಿ ನೆಲದ ಮೇಲೆ ಮಲಗಿಸಿದನು. ಉಸಿರು ಇರಲಿಲ್ಲ. ಭಟ್ಟರು ಬಿಸಿ ಹಾಲು ಹೊಯ್ಯಿರಿ ಎಂದರು. ಒಬ್ಬ ಮಾಣಿ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದನು. ಹನ್ನೊಂದು ಮಂದಿ ಸುತ್ತ ನಿಂತಿದ್ದೆವು. ಮಾಡಬೇಕಾದುದನ್ನು ಬಲ್ಲವನು ಒಬ್ಬನೂ ಇರಲಿಲ್ಲ. ಗಿರಾಕಿಗಳು ಕಾಯುತ್ತಿದ್ದಾರೆಂದು ಎಲ್ಲರನ್ನೂ ಒಳಗೆ ಕಳುಹಿಸಿದವರು ನಾವೇ. ರಾತ್ರಿ ಬಾಗಿಲು ಹಾಕುವಾಗ ಆ ಹುಡುಗನು, "ಧಣಿಗಳೇ, ತೊಟ್ಟಿಗೆ ಬಿದ್ದದ್ದು ನಾನಾಗಿದ್ದರೂ ಹೀಗೆಯೇ ನಿಂತು ನೋಡುತ್ತಿದ್ದಿರಾ?" ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಸಾಕುಬೆಕ್ಕುಗಳನ್ನು ನೋಂದಾಯಿಸಿ ವರ್ಷಕ್ಕೆ 50 ರೂಪಾಯಿ ಶುಲ್ಕ ಕೊಡಬೇಕೆಂದು ಪುಣೆ ಮಹಾನಗರಪಾಲಿಕೆಯು 2022ರ ನವೆಂಬರಿನಲ್ಲಿ ಪ್ರಕಟಿಸಿತು. ಹುಚ್ಚುರೋಗದ ಲಸಿಕೆಯ ದಾಖಲೆಯನ್ನೂ ಕೇಳಿತು. ಇದು ಯೋಗ್ಯವೇ. ಆದರೆ ಬೆಕ್ಕಿನ ಒಡೆಯನಿಗೆ ಕಾಗದಪತ್ರವಲ್ಲದೆ ಬೇರೊಂದು ಹೊಣೆಯೂ ಉಂಟು. ಅದರ ಉಸಿರು ನಿಂತ ಗಳಿಗೆಯಲ್ಲಿ ಏನು ಮಾಡಬೇಕೆಂಬ ತಿಳಿವಳಿಕೆಯೇ ಆ ಹೊಣೆ.

ಈ ವಿದ್ಯೆಯಲ್ಲಿ ಮನುಷ್ಯನು ಪ್ರಾಣಿಗಳಿಗೆ ಋಣಿಯಾಗಿದ್ದಾನೆ. ಎದೆಯನ್ನು ಒತ್ತಿ ನಿಂತ ಹೃದಯವನ್ನು ನಡೆಸುವ ಕ್ರಮವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಕೌವೆನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು 1960ರಲ್ಲಿ ಪ್ರಕಟಿಸಿದರು. ಅದಕ್ಕೆ ದಾರಿ ತೋರಿದುದು ಅವರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು. ಆ ವಿದ್ಯೆಯನ್ನು ಪ್ರಾಣಿಗಳಿಗೇ ಮರಳಿ ಸಲ್ಲಿಸುವಂತೆ ಪಶುವೈದ್ಯರು 'ರಿಕವರ್' ಎಂಬ ಹೆಸರಿನಲ್ಲಿ 2012ರಲ್ಲಿ ನಿಯಮಗಳನ್ನು ರೂಪಿಸಿ, 2024ರಲ್ಲಿ ಪರಿಷ್ಕರಿಸಿದರು.

ಅವುಗಳ ಸಾರವನ್ನು ನಮ್ಮ ಮಾಣಿಗೂ ಗುಮಾಸ್ತನಿಗೂ ತಿಳಿಯುವಂತೆ ಹೇಳುತ್ತೇವೆ.

ಮೊದಲನೆಯದು ನಮ್ಮ ಪ್ರಾಣ. ಬೆಕ್ಕು ತಂತಿ ಕಚ್ಚಿ ಬಿದ್ದಿದ್ದರೆ ಮೇನ್ ಸ್ವಿಚ್ಚು ಆರಿಸುವವರೆಗೆ ಅದನ್ನು ಮುಟ್ಟಲಾಗದು. 2024ರ ಜುಲೈ 25ರ ಮಳೆಯಲ್ಲಿ ಡೆಕ್ಕನ್ ಸಮೀಪದ ಪುಲಾಚಿ ವಾಡಿಯಲ್ಲಿ ತಿಂಡಿಯ ಕೈಗಾಡಿಯನ್ನು ಸರಿಸುತ್ತಿದ್ದ ಮೂವರು ವಿದ್ಯುತ್ತಿನ ಆಘಾತದಿಂದ ಮಡಿದರು. ನಮ್ಮಂತೆ ಅನ್ನದ ಕಸುಬಿನವರಾದ ಅವರನ್ನು ನಾವು ಮರೆಯಬಾರದು.

ಎರಡನೆಯದು ಪರೀಕ್ಷೆ. ಕರೆದು, ಮೈ ಮುಟ್ಟಿ ಅಲುಗಿಸಿ, ಎದೆ ಏರಿಳಿಯುವುದೇ ಎಂದು ಹತ್ತು ಸೆಕೆಂಡು ನೋಡಬೇಕು. ಉಸಿರಾಡುತ್ತಿದ್ದರೆ ಎದೆ ಒತ್ತುವುದು ಬೇಡ. ಬೆಚ್ಚಗೆ ಹೊದಿಸಿ ವೈದ್ಯರಲ್ಲಿಗೆ ಒಯ್ಯಬೇಕು. ಉಸಿರಿಲ್ಲದಿದ್ದರೆ, ಅಥವಾ ಬಹಳ ಹೊತ್ತಿಗೊಮ್ಮೆ ಬಾಯಿ ಬಿಟ್ಟು ಏದುತ್ತಿದ್ದರೆ, ನಾಡಿ ಹುಡುಕುತ್ತ ಕೂರದೆ ಕೆಲಸ ಆರಂಭಿಸಬೇಕು. ನೀರಿಗೆ ಬಿದ್ದ ಬೆಕ್ಕಾದರೆ ಕ್ಷಣಕಾಲ ತಲೆಯನ್ನು ತಗ್ಗಿಸಿ ಬಾಯಿಯ ನೀರನ್ನು ಹೊರಬಿಡಬಹುದು. ಹಿಂಗಾಲು ಹಿಡಿದು ಬೀಸಬಾರದು.

ಮೂರನೆಯದು ಕೈ ಮತ್ತು ಬಾಯಿ. ಬೆಕ್ಕನ್ನು ಮಗ್ಗುಲಾಗಿ ಮಲಗಿಸಿ, ಬಾಯೊಳಗೆ ಕಾಣುವ ಮುಳ್ಳು, ಎಲುಬುಗಳನ್ನು ತೆಗೆಯಬೇಕು. ಮುಂಗಾಲುಗಳ ಮೊಣಕೈಯ ಹಿಂದೆ ಎದೆಗೂಡನ್ನು ಒಂದೇ ಕೈಯಲ್ಲಿ, ಒಂದು ಬದಿಗೆ ಹೆಬ್ಬೆರಳು, ಇನ್ನೊಂದು ಬದಿಗೆ ಉಳಿದ ಬೆರಳುಗಳು ಬರುವಂತೆ ಹಿಡಿದು ಒತ್ತಬೇಕು. ಎದೆಯ ಅಗಲದ ಮೂರನೆಯ ಒಂದರಿಂದ ಅರ್ಧದವರೆಗೆ ತಗ್ಗಿಸಿ, ಪ್ರತಿಸಲವೂ ಪೂರ್ತಿ ಬಿಡಬೇಕು. ವೇಗ ನಿಮಿಷಕ್ಕೆ 100ರಿಂದ 120. ಹೀಗೆ 30 ಸಲ ಒತ್ತಿದ ಮೇಲೆ ಕತ್ತನ್ನು ನೇರ ಮಾಡಿ, ಬೆಕ್ಕಿನ ಬಾಯಿ ಮುಚ್ಚಿ ಹಿಡಿದು, ಅದರ ಮೂಗಿಗೆ ನಮ್ಮ ತುಟಿಯಿಟ್ಟು ಎರಡು ಸಲ ಊದಬೇಕು. ಎದೆ ತುಸು ಏಳುವಷ್ಟೇ ಸಾಕು. ಅದರ ಶ್ವಾಸಕೋಶ ಚಿಕ್ಕದು. ಎರಡು ನಿಮಿಷಕ್ಕೊಮ್ಮೆ ಉಸಿರು ನೋಡಿ, ಇನ್ನೊಬ್ಬನು ಕೈ ಬದಲಿಸಬೇಕು. ಬೀದಿಯ ಅಪರಿಚಿತ ಬೆಕ್ಕಿಗೆ ಬಾಯಿ ಹಚ್ಚುವುದು ಬೇಡ. ಎದೆ ಒತ್ತುವುದಷ್ಟೇ ಸಾಕು. ಕಚ್ಚಿದರೆ, ಪರಚಿದರೆ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.

ಮಾಡಬಾರದುದೂ ಉಂಟು. ಎಚ್ಚರವಿಲ್ಲದ ಬೆಕ್ಕಿನ ಬಾಯಿಗೆ ಹಾಲು, ನೀರು ಹೊಯ್ಯಬಾರದು. ನಮಗೆ ಜ್ವರಕ್ಕೆ ಒದಗುವ ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿಗೆ ಪ್ರಾಣಾಂತಿಕ ವಿಷ. ಈರುಳ್ಳಿ, ಬೆಳ್ಳುಳ್ಳಿಗಳನ್ನು ತಿಂದರೂ ಅದರ ರಕ್ತ ಕೆಡುವುದು.

ಸುಳ್ಳು ಆಸೆಯನ್ನು ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಆಸ್ಪತ್ರೆಯಲ್ಲೇ ಹೃದಯ ನಿಂತ ಬೆಕ್ಕು ನಾಯಿಗಳಲ್ಲಿಯೂ ಬದುಕಿ ಮನೆಗೆ ಮರಳುವವು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಆದರೂ ಏನೂ ಮಾಡದಿದ್ದರೆ ನೂರಕ್ಕೆ ನೂರೂ ಸಾಯುವವು. ಪ್ರಥಮ ಚಿಕಿತ್ಸೆ ನಡೆಯುತ್ತಿರುವಾಗಲೇ ಒಬ್ಬನು ರಿಕ್ಷಾ ಕರೆತರಲಿ. ಸಮೀಪದ ಪಶುವೈದ್ಯರು ಯಾರು, ರಾತ್ರಿ ತೆರೆದಿರುವವರು ಯಾರು ಎಂಬುದನ್ನು ಇಂದೇ ವಿಚಾರಿಸಿ ಗಲ್ಲಾಪೆಟ್ಟಿಗೆಯ ಬಳಿ ಬರೆದಿಡಬೇಕು. ಅನಾಥ ಪ್ರಾಣಿಗಳಿಗಾಗಿ 2007ರಿಂದ ದುಡಿಯುತ್ತಿರುವ ರೆಸ್‌ಕ್ಯೂ ಟ್ರಸ್ಟಿನ ಹೆಸರೂ ಅಲ್ಲಿರಲಿ.

ಅಡುಗೆಮನೆಯೊಳಗೆ ಬೆಕ್ಕು ಬರಕೂಡದೆಂಬುದು ಆಹಾರ ಸುರಕ್ಷತೆಯ ನಿಯಮ, ಅದು ಸರಿಯೇ. ಆದರೆ ಹಿತ್ತಿಲಿನ ಬೆಕ್ಕಿನಿಂದ ಸೇವೆ ಪಡೆದು, ಅದು ಬಿದ್ದಾಗ ಬೆನ್ನು ತಿರುಗಿಸುವುದು ಯಾವ ನಿಯಮವೂ ಅಲ್ಲ.

ಮನುಷ್ಯರಿಗೇ ಗತಿಯಿಲ್ಲದಿರುವಾಗ ಬೆಕ್ಕಿಗೇಕೆ ಇಷ್ಟು ಉಪಚಾರವೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೇ: ದೊಡ್ಡವನ ಎದೆಯ ನಡುವೆ ಎರಡು ಕೈಯಿಟ್ಟು ಐದಾರು ಸೆಂಟಿಮೀಟರು ಒತ್ತಬೇಕಾಗುವುದು; ವೇಗ ಮಾತ್ರ ಅದೇ, 30ಕ್ಕೆ ಎರಡು ಉಸಿರೆಂಬ ಲೆಕ್ಕವೂ ಅದೇ. ಬೆಕ್ಕಿಗಾಗಿ ಕಲಿತ ಮಾಣಿಯು ನಾಳೆ ಗ್ರೈಂಡರಿನ ಬಳಿ ಆಘಾತ ತಗಲಿ ಬಿದ್ದ ಸಂಗಾತಿಯ ಮುಂದೆ ಸುಮ್ಮನೆ ನಿಲ್ಲಲಾರನು. 108ಕ್ಕೆ ಕರೆ ಮಾಡಿಸಿ ಮೊಣಕಾಲೂರಿ ಕೂರುವನು.

ಆದುದರಿಂದ ನಮ್ಮ ಕನ್ನಡ ಸಂಘದವರೂ ಹೋಟೆಲು ಮಾಲಕರೂ ಸೇರಿ, ವಾರದ ರಜೆಯ ದಿನ ಒಂದು ಗಂಟೆಯ ಪಾಠವನ್ನು ಏರ್ಪಡಿಸಬೇಕೆಂದು ಪ್ರಾರ್ಥಿಸುತ್ತೇವೆ. ಒಬ್ಬ ಪಶುವೈದ್ಯರೂ ಒಬ್ಬ ಪ್ರಥಮ ಚಿಕಿತ್ಸೆಯ ಶಿಕ್ಷಕರೂ ಬಂದರೆ ಸಾಕು. ಮಾಲಕರು ಆ ಗಂಟೆಯ ಸಂಬಳವನ್ನು ಮುರಿಯದಿರಲಿ. ಮೊದಲ ಸಾಲಿನಲ್ಲಿ ಕುಳಿತು ಕಲಿಯಲು ನಾವೂ ಬರುತ್ತೇವೆ. ಆ ಹುಡುಗನ ಪ್ರಶ್ನೆಗೆ ಉತ್ತರ ಹೇಳುವ ಸಾಲ ನಮ್ಮ ಮೇಲೆ ಇನ್ನೂ ಇದೆ.