ಸೇತುವೆಯ ಬುಡ ನೋಡುವವರಾರು?

ತೆಂಗಿನ ಸುಳಿಗೆ ದುಂಬಿ ಬಿದ್ದರೆ ತಿಪಟೂರು ಸೀಮೆಯ ರೈತನು ಮರ ಒಣಗುವವರೆಗೆ ಕಾಯುವುದಿಲ್ಲ. ಆಡಳಿತ ಮಾತ್ರ ಸೇತುವೆ ಬೀಳುವವರೆಗೆ ಕಾಯುತ್ತದೆ. 2018ರ ಜೂನ್ 25ರಂದು ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿಯಿತು. ಮರಳುಗಾರಿಕೆಯೇ ಕಾರಣವೆಂದು ಊರವರು ದೂರಿದರು. 2024ರ ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಲಾರಿಸಮೇತ ನದಿಗೆ ಬಿತ್ತು.

ಮಳೆಯನ್ನು ದೂರುವುದು ಸುಲಭ. ಆದರೆ ಹಳ್ಳದ ಮರಳು ಬರಿದಾದರೆ ಪ್ರವಾಹವು ಕಂಬದ ಬುಡವನ್ನೇ ಕೊರೆಯುತ್ತದೆ. ನೀರು ಹರಿದುಹೋಗುವ ಕೊಳವೆ ಕಟ್ಟಿದರೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬಿರುಕಿನ ಅರಳಿ ಸಸಿ ಕಲ್ಲುಕಟ್ಟಡವನ್ನು ಸೀಳುತ್ತದೆ. ಇವು ಹುಡುಕಿದರೆ ಕಾಣುವ ರೋಗಗಳು.

ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಪ್ರತಿ ಸೇತುವೆಯನ್ನೂ ಮಳೆಗಾಲದ ಮುನ್ನ ಮತ್ತು ಅನಂತರ ಪರೀಕ್ಷಿಸಿ, ವರದಿಯನ್ನು ಗ್ರಾಮಸಭೆಯ ಮುಂದಿಡಬೇಕು. ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡವರು ಬುಡವನ್ನೂ ಬಗ್ಗಿ ನೋಡಲಿ.