ದಾಳ ಉರುಳಲಿ, ಪಣ ಬೇಡ

ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಇಂತಹ ಆಟಗಳಿಂದ ಸುಮಾರು 45 ಕೋಟಿ ಜನ ಬಾಧಿತರಾಗಿದ್ದಾರೆ, 20,000 ಕೋಟಿ ರೂಪಾಯಿಗೂ ಹೆಚ್ಚು ಹಣ ಕಳೆದುಕೊಂಡಿದ್ದಾರೆ ಎಂಬುದು ಆಗ ಕೇಂದ್ರ ಸರ್ಕಾರ ಮುಂದಿಟ್ಟ ಅಂದಾಜು. ಕರ್ನಾಟಕವೂ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇದೇ ಪ್ರಯತ್ನ ಮಾಡಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಕುಶಲತೆಯ ಆಟ ಯಾವುದು, ಅದೃಷ್ಟದ ಆಟ ಯಾವುದು ಎಂಬ ಹಳೆಯ ಜಿಜ್ಞಾಸೆಯನ್ನು ಹೊಸ ಕಾಯ್ದೆ ಬದಿಗಿರಿಸಿದೆ. ಹಣ ಪಣಕ್ಕಿದೆಯೇ ಎಂಬುದಷ್ಟೇ ಅದರ ಪ್ರಶ್ನೆ. ಇದು ಸರಿಯಾದ ಪ್ರಶ್ನೆಯೆಂದೇ ನನ್ನ ಭಾವನೆ. ಆದರೆ ನಿಷೇಧದಿಂದ ತೆರವಾದ ಹೊತ್ತನ್ನು ಯುವಕರು ಯಾವುದರಿಂದ ತುಂಬಿಕೊಳ್ಳಬೇಕು ಎಂಬುದನ್ನು ಯಾವ ಕಾಯ್ದೆಯೂ ಹೇಳುವುದಿಲ್ಲ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಕಂದಾಯ ಇಲಾಖೆಯ ನೌಕರನಾಗಿ ನಾನು ಹಲವು ವರ್ಷ ಕಳೆದವನು. ತೊಗರಿಯ ರಾಶಿ ಮುಗಿದು ಕೈಗೆ ನಾಲ್ಕು ಕಾಸು ಬಂದ ಮೇಲೆ ಅಗಸಿ ಕಟ್ಟೆಯ ಮೇಲೆ ಇಸ್ಪೀಟು ಹರಡಿಕೊಳ್ಳುತ್ತಿತ್ತು. ‘ಅಂದರ್ ಬಾಹರ್’ ಮೇಲೆ ದಾಳಿ, ಹಣ ಜಪ್ತಿ, ಪ್ರಕರಣ ದಾಖಲು. ಮರುವಾರ ಅದೇ ಜನ, ಬೇರೆ ಕಟ್ಟೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 176ನೆಯ ಕಲಂ ಕುಶಲತೆಯ ಆಟಗಳಿಗೆ ವಿನಾಯಿತಿ ಕೊಡುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು. ಅಂತಹ ಒಂದು ಆಟವನ್ನು ಊರಿಗೆ ತರುವ ಯೋಚನೆ ಮಾತ್ರ ನಮ್ಮಲ್ಲಿ ಯಾರಿಗೂ ಬರಲಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಬಳಸಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಈ ಮೂರೂ ಆ ಪಟ್ಟಿಯಲ್ಲಿದ್ದವು. ಜನ ಬಿಡುವಿನ ವೇಳೆಯನ್ನು ಹೇಗೆ ಕಳೆಯುತ್ತಾರೆ ಎಂಬುದು ಆ ಸೂಚಕಗಳಲ್ಲಿ ಇರಲಿಲ್ಲ. ಬಡವನಿಗೆ ಬಿಡುವೆಲ್ಲಿಯದು ಎಂದು ನಾವು ಭಾವಿಸುತ್ತೇವೆ. ಮಳೆಯನ್ನೇ ನಂಬಿದ ಬೇಸಾಯದಲ್ಲಿ ಬಡವನ ಬಳಿ ಇರುವುದು, ಅವನು ಬಯಸದಿದ್ದರೂ, ಬಿಡುವೇ.

ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗ ನನಗೊಂದು ಆಟ ಕಲಿಸಿದ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆಲ್ಲ ಮೂಲ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುವವನು. ಉಳಿದವರು ಯೋಧ, ಮಾಂತ್ರಿಕ, ಕಳ್ಳ, ವೈದ್ಯ ಹೀಗೆ ಒಂದೊಂದು ಪಾತ್ರ ಧರಿಸುತ್ತಾರೆ. ಎದುರಾದ ಸಂಕಟದಲ್ಲಿ ಏನು ಮಾಡುವೆನೆಂದು ಆಟಗಾರ ಹೇಳಬೇಕು. ಅದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಧರಿಸುತ್ತದೆ. ಕೊನೆಗೆ ಗೆದ್ದವರಿಲ್ಲ, ಸೋತವರಿಲ್ಲ. ನನಗೆ ಮುದಿ ಮಾಂತ್ರಿಕನ ಪಾತ್ರ ಸಿಕ್ಕಿತು. ನಿವೃತ್ತ ಅಧಿಕಾರಿಯಂತೆಯೇ ಅವನಿಗೂ ಮಂತ್ರಗಳೆಲ್ಲ ನೆನಪಿವೆ, ಕೇಳುವವರಿಲ್ಲ.

ಆಡುತ್ತ ನನಗೆ ನೆನಪಾದದ್ದು ದೊಡ್ಡಾಟ. ಪಾತ್ರಧಾರಿ ರಂಗಕ್ಕೆ ಬಂದೊಡನೆ ಸಾರಥಿ ‘ತಾವು ಯಾರು, ಯಾವ ದೇಶದವರು’ ಎಂದು ವಿಚಾರಿಸುತ್ತಾನೆ. ಹೊಲದಲ್ಲಿ ದುಡಿದು ಬಂದವನು ಎದೆ ಸೆಟೆಸಿ ತಾನು ಕರ್ಣನೆನ್ನುತ್ತಾನೆ. ಮೊಮ್ಮಗ ಮೇಜಿನ ಆ ತುದಿಯಿಂದ ಕೇಳಿದ್ದೂ ಅದೇ ಪ್ರಶ್ನೆ. ಒಂದು ವ್ಯತ್ಯಾಸವಿದೆ. ಕರ್ಣ ಸಾಯಲೇಬೇಕು, ಅದು ಬರೆದಿಟ್ಟ ಕಥೆ. ಈ ಆಟದಲ್ಲಿ ಮುಂದಿನದು ಯಾರಿಗೂ ತಿಳಿಯದು. ಆಡುವವನ ಆಯ್ಕೆಗೆ ಬೆಲೆಯಿದೆ. ಮಣೆಯಾಟಗಳೂ ನಮಗೆ ಹೊಸತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಆಟಗಳನ್ನು ರೂಪಿಸಿದವರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಅವುಗಳಿಗೇ ಮೀಸಲು. ಅರಸನಾಡಿದರೆ ವಿದ್ಯೆ, ರೈತನ ಮಗನಾಡಿದರೆ ವ್ಯಸನ ಎಂಬ ಭೇದವನ್ನು ನಮ್ಮ ಆಡಳಿತವೂ ಉಳಿಸಿಕೊಂಡು ಬಂದಿದೆ.

2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಜೇವರ್ಗಿ ತಾಲ್ಲೂಕಿನ ಒಂದು ಶಾಲೆಯಲ್ಲಿ ತೆರೆದಿದ್ದ ಕಾಳಜಿ ಕೇಂದ್ರಕ್ಕೆ ಬಂಧುಗಳನ್ನು ಕಾಣಲು ಹೋಗಿದ್ದೆ. ಊಟ, ಔಷಧಿ, ಹಾಸಿಗೆ ಇದ್ದವು. ಹಿರಿಯರು ಮುಳುಗಿದ ತೊಗರಿಯ ಲೆಕ್ಕ ಹಾಕುತ್ತಿದ್ದರು. ಮಕ್ಕಳಿಗೆ ಮಾಡಲು ಏನೂ ಇರಲಿಲ್ಲ. ಏಳೆಂಟು ಮಕ್ಕಳು ಒಂದೇ ಮೊಬೈಲಿಗೆ ಮುತ್ತಿಕೊಂಡಿದ್ದರು. ಸೀಮೆಸುಣ್ಣದಿಂದ ನೆಲದ ಮೇಲೆ ನದಿ, ಊರು, ಗುಡಿ, ದರ್ಗಾ, ದಿಬ್ಬ ಬರೆದೆ. ಐದು ಹುಣಸೆ ಬೀಜಗಳನ್ನು ಒಂದು ಬದಿ ತೇಯ್ದೆ. ಮೂರು ಅಥವಾ ಹೆಚ್ಚು ಬಿಳಿ ಬಿದ್ದರೆ ಕೆಲಸ ಕೈಗೂಡಿತು, ಇಲ್ಲವಾದರೆ ಇಲ್ಲ. ಇದರ ಸಂಭವನೀಯತೆ ಹೆಚ್ಚುಕಡಿಮೆ ಅರ್ಧ ಎಂಬುದನ್ನು ನಾನು ಎಂ.ಎ. ತರಗತಿಯಲ್ಲಿ ಕಲಿತೆ, ಆ ಮಕ್ಕಳು ಎರಡು ಗಂಟೆಯಲ್ಲಿ ಕಂಡುಕೊಂಡರು.

ಒಬ್ಬ ಮೀನುಗಾರನಾದ, ಒಬ್ಬ ಭೀಮಸೇನನಾದ, ಒಬ್ಬ ಹಾರುವ ಕುದುರೆ ಬೇಕೆಂದ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ‘ನಾ ತಹಸೀಲ್ದಾರ ಆಗ್ತೀನಿ’ ಎಂದಳು. ಮೊದಲ ಸರದಿಯಲ್ಲೇ ‘ಮುತ್ಯಾ, ದೋಣಿ ಎಲ್ಲಿ ಅದ? ಎಮ್ಮಿ ಮದಲ ತರಬೇಕೋ, ಮಂದಿನ ತರಬೇಕೋ?’ ಎಂದು ಕೇಳಿದಳು. ಬೀಜ ಉರುಳಿಸಿದಳು, ಎರಡೇ ಬಿಳಿ. ದೋಣಿ ಬರಲಿಲ್ಲ. ಅಳಲಿಲ್ಲ, ಭೀಮಸೇನನನ್ನು ಕರೆದು ಹಗ್ಗ ಕಟ್ಟಿಸಿದಳು. ಅಂತಹ ಒಂದು ರಾತ್ರಿ ನಿಜವಾದ ಕುರ್ಚಿಯಲ್ಲಿ ಕುಳಿತಿದ್ದ ನಾನು ಹಗ್ಗದ ಯೋಚನೆ ಮಾಡಿರಲಿಲ್ಲ.

ಮನೆ ಕಳೆದುಕೊಂಡ ಮಕ್ಕಳಿಗೆ ಆಟ ಪರಿಹಾರವಲ್ಲ. ಬೆಳೆ ಪರಿಹಾರ ಬೇಗ ಬಂದರೆ ಅವರಪ್ಪಂದಿರು ಕೂಲಿಗೆ ಪುಣೆ, ಮುಂಬೈ ಬಸ್ಸು ಹತ್ತುವುದು ತಪ್ಪೀತು. ಅದೇ ಮೊದಲ ಕರ್ತವ್ಯ. ಆದರೆ ಕಾಳಜಿ ಕೇಂದ್ರದ ಸಾಮಗ್ರಿ ಪಟ್ಟಿಯಲ್ಲಿ ಸೀಮೆಸುಣ್ಣ, ದಾಳ, ಕಾಗದ ಸೇರಿದರೆ ಖಜಾನೆಗೆ ಹೊರೆಯಾಗದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದು ಈಗ ಅರಿವು ಕೇಂದ್ರಗಳಾಗಿವೆ. ಕಟ್ಟಡವಿದೆ, ಮೇಲ್ವಿಚಾರಕರಿದ್ದಾರೆ. ವಾರಕ್ಕೊಂದು ಮಧ್ಯಾಹ್ನ ಕಥೆಯಾಟಕ್ಕೆ ಬಿಟ್ಟುಕೊಡಲು ಒಂದು ಚೀಲ ಸಿಮೆಂಟಿನಷ್ಟೂ ಖರ್ಚಾಗದು. ಸಾರಥಿಯ ಕೆಲಸಕ್ಕೆ ಆಯಾ ಊರಿನ ದೊಡ್ಡಾಟದ ಹಿರಿಯರನ್ನೇ ಗೌರವಧನ ಕೊಟ್ಟು ಕರೆಯಬಹುದು. ಮೈಸೂರು, ಬೆಂಗಳೂರಿನ ತಜ್ಞರಿಂದ ಕೈಪಿಡಿ ಬರೆಸುವ ಅಗತ್ಯವಿಲ್ಲ. ಬರೆಸಿದರೆ ಅದು ಪಠ್ಯಪುಸ್ತಕವಾಗಿ ಆಟ ಸಾಯುತ್ತದೆ.

ವೇಳೆಯ ಬಗ್ಗೆ ಮಾತ್ರ ಎಚ್ಚರ ಬೇಕು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸಕ್ಕೆ ಅದರಲ್ಲಿ ತೊಡಗಿದ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ವ್ಯಯಿಸುತ್ತಾರೆ. ಮರುದಿನ ಸಂಜೆ ನಾನು ಮತ್ತೆ ಆ ಶಾಲೆಗೆ ಹೋದೆ. ಹುಡುಗರೆಲ್ಲ ನಕ್ಷೆಯ ಸುತ್ತ ಕಾದಿದ್ದರು. ತಹಸೀಲ್ದಾರಳು ಅಂಗಳದಲ್ಲಿ ತಾಯಿಯ ಪಕ್ಕ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಕೈ ತೊಳೆದು ಬರುವಷ್ಟರಲ್ಲಿ ಕತ್ತಲಾಗಿತ್ತು.