ಟಿಪ್ಪಣಿಯ ಕೈತೋಟ

ನನಗೆ ಹಳಗನ್ನಡವನ್ನು ಓದಲು ಕಲಿಸಿದ ಪಂಡಿತರೊಬ್ಬರು ಕಾಲವಾಗಿ ಒಂದು ವರ್ಷ ಕಳೆದ ಮೇಲೆ ಅವರ ಮನೆಗೆ ಹೋಗಿದ್ದೆ. ನಲವತ್ತು ವರ್ಷ ಪಾಠ ಹೇಳಿದವರು ಅವರು. ಅಚ್ಚಾದ ಪುಸ್ತಕ ಅವರದೊಂದೂ ಇಲ್ಲ. ಆದರೆ ಅವರ ಮೇಜಿನ ಪಕ್ಕದಲ್ಲಿ ಉದ್ದನೆಯ ಲೆಕ್ಕದ ಪುಸ್ತಕಗಳು ಸಾಲಾಗಿ ಇರುತ್ತಿದ್ದುದನ್ನು ಶಿಷ್ಯರಾದ ನಾವೆಲ್ಲ ಬಲ್ಲೆವು. ಪಾಠದ ನಡುವೆ ಹೊಳೆದ ಅರ್ಥ, ಸಂತೆಯಲ್ಲಿ ಕಿವಿಗೆ ಬಿದ್ದ ಮಾತು, ನಿಘಂಟಿನಲ್ಲಿ ಸಿಕ್ಕದ ಶಬ್ದ, ಪಾಠಾಂತರವೊಂದರ ಮೇಲಣ ಸಂದೇಹ, ಎಲ್ಲವೂ ಅವುಗಳೊಳಗೆ ಸೇರುತ್ತಿದ್ದುವು. “ಇವನ್ನು ಪ್ರಕಟಿಸಬಾರದೆ?” ಎಂದು ಕೇಳಿದರೆ, “ಇನ್ನೂ ಹಣ್ಣಾಗಿಲ್ಲವಯ್ಯ” ಎನ್ನುತ್ತಿದ್ದರು. ಆ ಪುಸ್ತಕಗಳನ್ನು ಒಮ್ಮೆ ನೋಡಬಹುದೆ ಎಂದು ಅವರ ಮಗನನ್ನು ವಿಚಾರಿಸಿದೆ. ಮನೆಗೆ ಸುಣ್ಣ ಬಳಿಸುವಾಗ ಹಳೆಯ ಪತ್ರಿಕೆಗಳೊಡನೆ ಅವೂ ರದ್ದಿಗೆ ಹೋದುವೆಂದು ಆತ ಬಹು ಸಂಕೋಚದಿಂದ ಹೇಳಿದರು. ಅವರನ್ನು ದೂರಲಾರೆ. ಬೇಕಾದವರು ಬೇಕಾದ ಕಾಲದಲ್ಲಿ ಕೇಳಲಿಲ್ಲ. ಆ ಬೇಕಾದವರಲ್ಲಿ ನಾನೂ ಒಬ್ಬ.

ಈ ನಷ್ಟವನ್ನು ನೆನೆದಾಗಲೆಲ್ಲ ಈಚಿನ ದಿನಗಳ ರೂಢಿಯೊಂದು ನನ್ನ ಮನಸ್ಸನ್ನು ಸೆಳೆಯುತ್ತದೆ. ತಮ್ಮ ಓದಿನ ಟಿಪ್ಪಣಿಗಳನ್ನು, ಅವು ಪೂರ್ಣವಾಗುವುದಕ್ಕೆ ಮುಂಚೆಯೇ, ಸ್ವಂತದ ಒಂದು ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಡುವ ರೂಢಿ ಅದು. ಇದಕ್ಕೆ ‘ಡಿಜಿಟಲ್ ಗಾರ್ಡನ್’ ಎಂದು ಹೆಸರು; ಕನ್ನಡದಲ್ಲಿ ಕೈತೋಟವೆಂದರೆ ಸಾಕು. ಇಲ್ಲಿ ಒಂದು ವಿಚಾರಕ್ಕೆ ಒಂದು ಪುಟ. ಪುಟದಿಂದ ಪುಟಕ್ಕೆ ಕೊಂಡಿಗಳುಂಟು. ಓದುಗನು ಯಾವ ಮೂಲೆಯಿಂದಲಾದರೂ ಒಳಹೊಕ್ಕು ತನಗೆ ಬೇಕಾದ ಹಾದಿಯನ್ನು ಹಿಡಿಯಬಹುದು. ಬರೆದವನು ಎಂದು ಬರೆದೆ, ಎಂದು ತಿದ್ದಿದೆ ಎಂಬುದನ್ನು ಅಲ್ಲಿಯೇ ಗುರುತು ಮಾಡುತ್ತಾನೆ. ಕೆಲವರು ಇನ್ನೂ ಮುಂದೆ ಹೋಗಿ ಇದು ಮೊಳಕೆ, ಇದು ಚಿಗುರು, ಇದು ನಿತ್ಯಹಸುರು ಎಂದು ಟಿಪ್ಪಣಿಯ ಪಕ್ವತೆಯನ್ನೂ ತಿಳಿಸುತ್ತಾರೆ.

ತೋಟದ ಹೋಲಿಕೆ ಹೊಸದಲ್ಲ. ಅಮೆರಿಕದ ಮಾರ್ಕ್ ಬರ್ನ್‌ಸ್ಟೀನ್ ಎಂಬವರು ೧೯೯೮ರಲ್ಲೇ, ಕೊಂಡಿಗಳಿಂದ ಹೆಣೆದ ಬರೆವಣಿಗೆಯು ಉತ್ತು ಬಿತ್ತಿದ ಹೊಲಕ್ಕೂ ಅಂಕೆಯಿಲ್ಲದ ಕಾಡಿಗೂ ನಡುವಣ ಉದ್ಯಾನದಂತೆ ಇರಬೇಕೆಂದು ಪ್ರತಿಪಾದಿಸಿದರು. ೨೦೧೫ರಲ್ಲಿ ಮೈಕ್ ಕಾಲ್‌ಫೀಲ್ಡ್ ಎಂಬ ಶಿಕ್ಷಣತಜ್ಞರು ಇಂಟರ್‌ನೆಟ್ಟಿನ ಬರೆಹವನ್ನು ತೋಟ ಮತ್ತು ತೊರೆ ಎಂದು ಎರಡಾಗಿ ವಿಂಗಡಿಸಿದರು. ತೊರೆಯಲ್ಲಿ ಮಾತು ಹರಿದುಬಂದು ಹರಿದುಹೋಗುತ್ತದೆ. ಇಂದಿನದು ನಿನ್ನೆಯದನ್ನು ಮುಚ್ಚುತ್ತದೆ. ತೋಟದಲ್ಲಿ ಮಾತು ನಿಂತಲ್ಲೇ ನಿಂತು ಬೆಳೆಯುತ್ತದೆ. ನಮ್ಮ ಕೈಯೊಳಗಿನ ಫೋನಿನಲ್ಲಿ ಹಗಲಿರುಳೂ ಹರಿಯುವುದು ತೊರೆ. ಬೆಳಗ್ಗೆ ಅದರಲ್ಲಿ ಓದಿ ಮೆಚ್ಚಿದ ಒಳ್ಳೆಯ ಮಾತನ್ನು ಸಂಜೆ ಹುಡುಕಹೊರಟವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೂರುಪಾರು ಟಿಪ್ಪಣಿಗಳಿಂದ ಏನಾದೀತು ಎಂದು ಕೇಳುವವರು ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ನನನ್ನು ನೆನೆಯಬೇಕು. ಆತ ನಾಲ್ಕು ದಶಕಗಳಿಗೂ ಹೆಚ್ಚು ಕಾಲ, ಒಂದು ಚೀಟಿಗೆ ಒಂದು ವಿಚಾರದಂತೆ ಬರೆದು, ಪ್ರತಿಯೊಂದಕ್ಕೂ ಅಂಕೆಯಿಟ್ಟು, ಒಂದರಿಂದ ಇನ್ನೊಂದಕ್ಕೆ ಸೂಚನೆ ಕೊಟ್ಟು ಸುಮಾರು ೯೦,೦೦೦ ಚೀಟಿಗಳನ್ನು ಕೂಡಿಸಿದ. ಆತನ ಗ್ರಂಥರಾಶಿಗೆಲ್ಲ ಆ ಪೆಟ್ಟಿಗೆಯೇ ತವರು. ಲೂಮನ್ ೧೯೯೮ರಲ್ಲಿ ತೀರಿಕೊಂಡ. ಬೀಲೆಫೆಲ್ಡ್ ವಿಶ್ವವಿದ್ಯಾನಿಲಯವು ಆ ಚೀಟಿಗಳನ್ನು ಇಂಟರ್‌ನೆಟ್ಟಿನಲ್ಲಿ ತೆರೆದಿಡಲು ತೊಡಗಿದ್ದು ೨೦೧೯ರಲ್ಲಿ. ಪೆಟ್ಟಿಗೆಯನ್ನು ಕಾಪಾಡಲು ಒಂದು ವಿಶ್ವವಿದ್ಯಾನಿಲಯ ಮುಂದೆ ಬಂದದ್ದು ಆತನ ಪುಣ್ಯ. ಊರೂರಿನ ಕನ್ನಡ ಮೇಷ್ಟರ ಪುಸ್ತಕಗಳಿಗೆ ಅಂಥ ಪುಣ್ಯವೆಲ್ಲಿಂದ ಬರಬೇಕು? ತಮ್ಮ ತೋಟಕ್ಕೆ ತಾವೇ ಬೇಲಿ ಕಟ್ಟಿಕೊಳ್ಳುವುದೊಂದೇ ಅವರಿಗೆ ಉಳಿದ ದಾರಿ.

ಇದು ಪರದೇಶದ ಬೆಡಗೆಂದು ಬಗೆಯುವುದೂ ಬೇಡ. ನಮ್ಮ ವರ್ತಕರೂ ಮಠಮಾನ್ಯಗಳವರೂ ಬಟ್ಟೆಗೆ ಮಸಿಯನ್ನೂ ಅಂಟನ್ನೂ ಬಳಿದು ಕಪ್ಪು ಮಾಡಿ, ಮಡಿಕೆಗಳಾಗಿ ಮಡಿಸಿ, ಬಳಪದಲ್ಲಿ ಲೆಕ್ಕಪತ್ರ ಬರೆಯುತ್ತಿದ್ದರು. ಅದೇ ಕಡತ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಧಾರವಾಗಿವೆ. ಕಡತದ ಗುಣವೆಂದರೆ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಒರೆಸದಿದ್ದರೆ ತಲೆಮಾರುಗಳವರೆಗೆ ಉಳಿಸಲೂಬಹುದು. ಕಂಪ್ಯೂಟರಿನ ಫೈಲಿಗೆ ನಾವು ಇಂದು ಕಡತವೆಂದೇ ಹೇಳುತ್ತೇವೆ. ತಿದ್ದುವ ಅನುಕೂಲ, ಉಳಿಸುವ ಅನುಕೂಲ, ಎರಡೂ ಅದರಲ್ಲಿ ಕೂಡಿರುವುದರಿಂದ ಹೆಸರು ಒಪ್ಪಿದೆ. ಇನ್ನು ಕೂಡಿಟ್ಟದ್ದರ ಬೆಲೆಯನ್ನು ತಿಳಿಯಬೇಕಾದರೆ, ಕೇಶಿರಾಜನ ತಂದೆ ಮಲ್ಲಿಕಾರ್ಜುನನು ೧೩ನೆಯ ಶತಮಾನದಲ್ಲಿ ಸಂಕಲಿಸಿದ ‘ಸೂಕ್ತಿಸುಧಾರ್ಣವ’ವನ್ನು ನೋಡಬೇಕು. ಇಂದು ನಮಗೆ ದೊರೆಯದ ಕಾವ್ಯಗಳ ಪದ್ಯಗಳೂ ಅದರಲ್ಲಿ ಉಳಿದು ಬಂದಿವೆ. ಅವನ್ನು ಉಳಿಸಿದ್ದು ಒಬ್ಬ ಓದುಗನು ಆರಿಸಿ ಬರೆದಿಟ್ಟ ಶ್ರದ್ಧೆ.

ಒಂದು ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಅರೆಬೆಂದ ಅನ್ನವನ್ನು ಪಂಕ್ತಿಗೆ ಬಡಿಸಬಹುದೆ? ತಪ್ಪು ಮಾಹಿತಿಯಿಂದ ಈಗಾಗಲೇ ತುಂಬಿರುವ ಜಾಲದಲ್ಲಿ ಇನ್ನಷ್ಟು ತಪ್ಪುಗಳನ್ನು ಸೇರಿಸಬೇಕೆ? ನನ್ನ ಉತ್ತರವಿಷ್ಟೆ: ಬೆಂದಿದೆಯೆಂದು ಹೇಳಿ ಅರೆಬೆಂದದ್ದನ್ನು ಬಡಿಸುವುದು ದ್ರೋಹ, ಇನ್ನೂ ಒಲೆಯ ಮೇಲಿದೆಯೆಂದು ಹೇಳಿ ಅಡಿಗೆಮನೆಯ ಬಾಗಿಲನ್ನು ತೆರೆದಿಡುವುದು ದ್ರೋಹವಲ್ಲ. ಕೆಲವು ವರ್ಷಗಳ ಕೆಳಗೆ ನಾನೂ ಇಂಥದೊಂದು ಸಣ್ಣ ತೋಟವನ್ನು ಮಾಡಿಕೊಂಡೆ. ಅದರಲ್ಲಿ ‘ಮೇಟಿ ವಿದ್ಯೆ’ ಎಂಬ ಪ್ರಯೋಗಕ್ಕೆ ಬೇಸಾಯವೆಂದು ಅರ್ಥ ಬರೆದು, ಮೇಟಿಯೆಂದರೆ ಏನೆಂಬುದನ್ನು ವಿಚಾರಿಸದೆ ಬಿಟ್ಟಿದ್ದೆ. ರೈತಮನೆತನದ ವಿದ್ಯಾರ್ಥಿಯೊಬ್ಬನು ಅದನ್ನು ಓದಿ, ಕಣದ ನಡುವೆ ನೆಡುವ ಕಂಬವೇ ಮೇಟಿ, ಅದರ ಸುತ್ತ ಎತ್ತುಗಳನ್ನು ತಿರುಗಿಸಿ ತೆನೆ ತುಳಿಸುವುದನ್ನು ತನ್ನ ಅಜ್ಜಿ ಬಣ್ಣಿಸುತ್ತಾರೆ ಎಂದು ಬರೆದು ತಿಳಿಸಿದ. ನನ್ನ ಹಳೆಯ ಸಾಲನ್ನು ಅಳಿಸದೆ ಅವನ ಮಾತನ್ನು ಕೆಳಗೆ ಸೇರಿಸಿದೆ. ನಾನು ಎಲ್ಲ ತಿಳಿದ ಮೇಲೆ ಬರೆಯುತ್ತೇನೆಂದು ಕುಳಿತಿದ್ದರೆ ಆ ಕಂಬ ನನ್ನ ಟಿಪ್ಪಣಿಯಲ್ಲಿ ಎಂದೂ ನೆಡಲ್ಪಡುತ್ತಿರಲಿಲ್ಲ. ವಿದ್ಯಾರ್ಥಿಗೂ ಇದರಿಂದ ಒಂದು ಲಾಭವಿದೆ: ಅಚ್ಚಿನ ಗ್ರಂಥದಲ್ಲಿ ಅವನಿಗೆ ಸಿಕ್ಕುವುದು ತೀರ್ಮಾನ, ಇಲ್ಲಿ ಸಿಕ್ಕುವುದು ತೀರ್ಮಾನದ ಕಡೆಗೆ ನಡೆದ ಹೆಜ್ಜೆ.

ಹಾಗೆಂದು ಎಲ್ಲವನ್ನೂ ಬಯಲಲ್ಲಿ ನೆಡಬೇಕೆಂದಲ್ಲ. ಮನೆಯ ಗುಟ್ಟು, ಮಿತ್ರರ ಪತ್ರ, ಶಿಷ್ಯನ ಅಂಕಪಟ್ಟಿ ಇವು ಬೇಲಿಯ ಒಳಗೇ ಇರತಕ್ಕವು. ಮತ್ತೊಬ್ಬರ ಗ್ರಂಥದಿಂದ ಪುಟಗಟ್ಟಲೆ ಎತ್ತಿ ಬರೆದು ಟಿಪ್ಪಣಿಯೆನ್ನುವುದು ಸಲ್ಲದು. ಯಾರಿಂದ ತಿಳಿಯಿತೋ ಅವರ ಹೆಸರನ್ನು, ಅವರು ಒಪ್ಪಿದಲ್ಲಿ, ಹೇಳುವುದು ಋಣಸಂದಾಯ.

ಉಳಿವಿನ ವಿಷಯದಲ್ಲಿಯೂ ಎಚ್ಚರ ಬೇಕು. ಲಕ್ಷಾಂತರ ಜನ ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದ ಜಿಯೊಸಿಟೀಸ್ ಎಂಬ ಅಮೆರಿಕದ ತಾಣ ೨೦೦೯ರಲ್ಲಿ ಮುಚ್ಚಿಹೋಯಿತು. ಗುತ್ತಿಗೆಯ ನೆಲದಲ್ಲಿ ತೋಟ ಮಾಡಿದವನು ಬೀಜವನ್ನು ಮನೆಯಲ್ಲಿ ಇಟ್ಟುಕೊಂಡಿರಬೇಕು. ಟಿಪ್ಪಣಿಗಳನ್ನು ಯಾವ ಯಂತ್ರದಲ್ಲಾದರೂ ತೆರೆಯುವಂಥ ಸರಳ ಪಠ್ಯದ ಕಡತಗಳಾಗಿ ಇರಿಸಿ, ಪ್ರತಿಗಳನ್ನು ಎರಡು ಮೂರು ಕಡೆ ಇಡುವುದು ಲೇಸು. ಕನ್ನಡಿಗರಿಗೆ ಇನ್ನೊಂದು ಪಾಠವೂ ಆಗಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ೧೯೯೧ರಿಂದಲೇ ಸ್ಥಾನವಿದ್ದರೂ ನಾವು ಬಹುಕಾಲ ಬೇರೆ ಬೇರೆ ಫಾಂಟುಗಳ ಸಂಕೇತಗಳಲ್ಲಿ ಬೆರಳಚ್ಚು ಮಾಡಿದೆವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ಬರೆಹ ಇಂದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಅಂಥ ಹಳೆಯ ಟಿಪ್ಪಣಿಗಳಿದ್ದವರು ಅವನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಲು ತಡಮಾಡಬಾರದು.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ನಮ್ಮ ಅರಿವಿಗೇ ಅನ್ವಯಿಸಿಕೊಂಡು ಬಹಳ ಕಳೆದುಕೊಂಡಿದ್ದೇವೆ. ಶಾಲೆಯ ಉಪಾಧ್ಯಾಯರಿಗೆ ತಮ್ಮ ಊರಿನ ಶಬ್ದ, ಆಚಾರ, ಗಿಡಮೂಲಿಕೆಗಳ ಬಗ್ಗೆ ತಿಳಿದಿರುವುದು ದೊಡ್ಡ ಗ್ರಂಥಾಲಯದಲ್ಲಿ ಸಿಕ್ಕದಿರಬಹುದು. ಅದನ್ನು ಹಂಚಲು ಮುದ್ರಣದ ಖರ್ಚು ಬೇಡ, ಪ್ರಕಾಶಕರ ಕೃಪೆ ಬೇಡ. ಇಷ್ಟು ತಿಳಿದಿದೆ, ಇಷ್ಟು ತಿಳಿದಿಲ್ಲ ಎಂದು ನಾಲ್ಕು ಜನರ ಮುಂದೆ ಒಪ್ಪುವ ಧೈರ್ಯ ಬೇಕು. ಈ ವಾರ ಒಂದು ಟಿಪ್ಪಣಿಯಿಂದ ಆರಂಭಿಸಿದರೂ ಆದೀತು.

ನಮ್ಮ ಪಂಡಿತರು ಹಣ್ಣಾಗಲೆಂದು ಕಾದರು, ಮರವೇ ಹೋಯಿತು. ಅವರು ಹೇಳಿದ ಅರ್ಥಗಳಲ್ಲಿ ಏಳೆಂಟು ನನ್ನ ನೆನಪಿನಲ್ಲಿ ಉಳಿದಿದ್ದುವು. ಅವನ್ನು ಬರೆದು, ಅವರಿಂದ ಕೇಳಿದ್ದೆಂದು ಗುರುತು ಮಾಡಿ, ಮೊಳಕೆಯೆಂದು ಕರೆದು ಇಟ್ಟಿದ್ದೇನೆ. ಅವರಲ್ಲಿ ಓದಿದ ಉಳಿದವರು ಎಲ್ಲೆಲ್ಲಿದ್ದಾರೋ ತಿಳಿಯದು. ಕಣ್ಣಿಗೆ ಬಿದ್ದವರು ತಮಗೆ ನೆನಪಿರುವ ಒಂದೊಂದನ್ನು ಕೂಡಿಸಿಯಾರೆಂದು ಕಾದಿದ್ದೇನೆ.